ಗಾಳಿಗೆ ಬಾಡಿಗೆ ಕೊಡುವವರು

ಆಂಟೆನಾ ಎಂಬುದು ಸತ್ತ ಪದಾರ್ಥವೆಂದು ವಿದ್ಯಾವಂತರೊಬ್ಬರು ನನಗೆ ಉಪದೇಶ ಮಾಡಿದರು. ಉಪದೇಶ ನಡೆದದ್ದು ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನದ ಪ್ಲೇನ್ಸ್‌ಬರೊ ಎಂಬ ಊರಿನಲ್ಲಿ, ನನ್ನ ಮಗಳ ಮನೆಯಲ್ಲಿ, ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ. "ಸಾರ್, ಅದೆಲ್ಲ ನಾವು ಚಿಕ್ಕವರಿದ್ದಾಗಿನ ಮಾತು. ಕಾಗೆ ಕೂತರೆ ಚಿತ್ರ ಹೋಗುತ್ತಿತ್ತಲ್ಲ, ಆ ಕಾಲದ್ದು. ಈಗ ಯಾರು ಮಾಡು ಹತ್ತುತ್ತಾರೆ?" ಎಂದರು. ಪಕ್ಕದಲ್ಲಿದ್ದ ನಾಲ್ಕಾರು ಜನ ನಕ್ಕರು. ಈ ಮಹನೀಯರ ಉದ್ಯೋಗವೆಂದರೆ ಮೊಬೈಲ್ ಫೋನಿನ ಒಳಗೆ ಕೂರುವ ಚಿಪ್ಪುಗಳ ವಿನ್ಯಾಸ. ಆ ಫೋನಿನೊಳಗೆ ಒಂದಲ್ಲ, ಹಲವು ಆಂಟೆನಾಗಳಿವೆ. ಸತ್ತ ಪದಾರ್ಥದಿಂದಲೇ ಅವರ ಅನ್ನ ನಡೆಯುತ್ತಿದೆ. ಊಟದ ಹೊತ್ತಿನಲ್ಲಿ ಜಗಳ ಬೇಡವೆಂದು ನಾನು ಸುಮ್ಮನಿದ್ದೆ. ಈಗ ಊಟ ಅರಗಿದೆ, ಬರೆಯುತ್ತೇನೆ.

ಮೊದಲು ಅವರ ಮನೆಯ ಕೇಬಲ್ ಬಿಲ್ಲಿನ ಮಾತು. ನಾನು ಕೇಳಿದ್ದಲ್ಲ, ಬಿಲ್ಲು ದುಬಾರಿಯೆಂದು ಗೊಣಗುತ್ತ ಅವರೇ ಇನ್ನೊಂದು ದಿನ ತೋರಿಸಿದ್ದು. ಅದರಲ್ಲಿ ಹತ್ತಾರು ಬಾಬ್ತುಗಳು. ಅವುಗಳ ನಡುವೆ 'ಬ್ರಾಡ್‌ಕಾಸ್ಟ್ ಟಿ.ವಿ. ಶುಲ್ಕ' ಎಂಬುದೊಂದು ಬೇರೆಯೇ ಸಾಲು. ಇದೇನೆಂದು ಕೇಳಿದೆ. "ಏನೋ ಸರ್ಕಾರದ ತೆರಿಗೆ ಇರಬೇಕು" ಎಂದರು. ತೆರಿಗೆಯಲ್ಲ ಸ್ವಾಮಿ! ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ತುದಿಯಿಂದ ಸ್ಥಳೀಯ ಟೆಲಿವಿಷನ್ ನಿಲಯಗಳು ತಮ್ಮ ಕಾರ್ಯಕ್ರಮವನ್ನು ಹಗಲಿರುಳೂ ಗಾಳಿಗೆ ಬಿಡುತ್ತವೆ. ಹಿಡಿಯಬಲ್ಲವನಿಗೆ ಅದು ಪುಕ್ಕಟೆ. ಅದೇ ಕಾರ್ಯಕ್ರಮವನ್ನು ಕೇಬಲ್ಲಿನವರು ತಂತಿಗೆ ಸೇರಿಸಿ ಮನೆಗೆ ತಲುಪಿಸುತ್ತಾರೆ. ಹಾಗೆ ತಲುಪಿಸುವುದಕ್ಕೆ ನಮ್ಮ ಒಪ್ಪಿಗೆ ಬೇಕು, ಒಪ್ಪಿಗೆಗೆ ಹಣ ಬೇಕು ಎಂದು ಕೇಳುವ ಹಕ್ಕು ೧೯೯೨ರ ಕಾಯಿದೆಯಿಂದ ನಿಲಯಗಳಿಗೆ ಬಂತು. ಆ ಹಣವನ್ನು ಕೇಬಲ್ಲಿನವರು ತಮ್ಮ ಜೇಬಿನಿಂದ ಕೊಡುತ್ತಾರೆಯೆ? ಗಿರಾಕಿಯ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಾಗುತ್ತದೆ. ತನ್ನ ಮಾಡಿನ ಮೇಲೆ ಹಾದುಹೋಗುವ ಗಾಳಿಗೆ ತಾನೇ ತಿಂಗಳು ತಿಂಗಳೂ ಬಾಡಿಗೆ ತೆತ್ತು, ತೆರದವನನ್ನು ಕಂಡು ನಗುವುದು! ಇದಕ್ಕೆ ಏನೆನ್ನಬೇಕೋ ವಾಚಕರೇ ಹೇಳಲಿ.

ಹಾಗೆಂದು ಆಂಟೆನಾ ಮಾರುವವರ ಪಕ್ಷದವನು ನಾನೆಂದು ಯಾರೂ ತಿಳಿಯಬಾರದು. ಸತ್ತಿತೆನ್ನುವವರಿಗಿಂತ ಹೆಚ್ಚಿನ ಕೇಡನ್ನು ಈ ವಸ್ತುವಿಗೆ ಮಾಡಿರುವವರು ಅವರೇ.

ಮಗಳ ಮನೆಯ ಎಡಕ್ಕೆ ಒಬ್ಬ ಮುದುಕಿಯ ಮನೆ. ಎಂಬತ್ತರ ಮೇಲಿನ ವಯಸ್ಸು, ಒಂಟಿ ಜೀವ. ಫಿಲಡೆಲ್ಫಿಯದಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಈ ಊರಿಗೆ ಬಂದು ಐವತ್ತು ವರ್ಷವಾದರೂ ಸಂಜೆಯ ವಾರ್ತೆ ಮಾತ್ರ ತೌರೂರಿನ ೬ನೆಯ ಚಾನೆಲ್ಲಿನದೇ ಆಗಬೇಕು. ಪಿಂಚಣಿಯಲ್ಲಿ ಕೇಬಲ್ಲಿನ ಬಿಲ್ಲು ತೂಗಿಸಲಾಗದೆ ಅದನ್ನು ತೆಗೆಸಿ, ಅಂಗಡಿಯಿಂದ ಒಂದು ಚಪ್ಪಟೆ ಆಂಟೆನಾ ತಂದು ಕಿಟಕಿಗೆ ಅಂಟಿಸಿದರು. ನೋಡುವುದಕ್ಕೆ ಪ್ಲಾಸ್ಟಿಕ್ಕಿನ ಊಟದ ತಟ್ಟೆಯ ಹಾಗೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '೨೦೦ ಮೈಲಿ', 'ಡಿಜಿಟಲ್', '೪ಕೆ' ಎಂದು ಅಚ್ಚಾಗಿತ್ತು. ಫಿಲಡೆಲ್ಫಿಯದ ಗೋಪುರಗಳು ಅಲ್ಲಿಂದ ಸುಮಾರು ೪೦ ಮೈಲಿ. ೨೦೦ ಮೈಲಿ ಓಡುವ ಕುದುರೆ ೪೦ ಮೈಲಿ ಓಡಲಾರದೆ? ಓಡಲಿಲ್ಲ. ೬ನೆಯ ಚಾನೆಲ್ಲಿನ ಸ್ಥಾನದಲ್ಲಿ ಕಪ್ಪು ಪರದೆ. ಮುದುಕಿ ಇನ್ನೊಂದು ಕೊಂಡರು. ಅದರ ಮೇಲೆ '೨೫೦ ಮೈಲಿ' ಎಂದಿತ್ತು. ಅದೂ ಅಷ್ಟೆ. ತಮಗೆ ವಯಸ್ಸಾಯಿತು, ಹೊಸ ಯಂತ್ರ ತಿಳಿಯುವುದಿಲ್ಲ ಎಂದು ತಮ್ಮನ್ನೇ ಹಳಿದುಕೊಂಡು ಕೂತಿದ್ದರು. ನನಗೆ ಸಿಟ್ಟು ಬಂದದ್ದು ಅಲ್ಲಿ. ಮೋಸ ಮಾಡಿದವನು ಹಾಯಾಗಿದ್ದಾನೆ, ಮೋಸಹೋದವರು ನಾಚಿಕೊಂಡಿದ್ದಾರೆ.

೨೦೦ ಮೈಲಿಯ ಸುಳ್ಳನ್ನು ಬಯಲುಮಾಡಲು ದೊಡ್ಡ ವಿದ್ಯೆ ಬೇಡ. ಭೂಮಿ ಗುಂಡಗಿದೆ ಎಂದು ಮಾಧ್ಯಮಿಕ ಶಾಲೆಯ ಹುಡುಗನಿಗೂ ಗೊತ್ತು. ಟೆಲಿವಿಷನ್ನಿನ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುವಂಥದು. ಗೋಪುರದ ಎತ್ತರವನ್ನು ಮೀಟರಿನಲ್ಲಿ ಇಟ್ಟು, ಅದರ ವರ್ಗಮೂಲ ತೆಗೆದು, ಸುಮಾರು ನಾಲ್ಕರಿಂದ ಗುಣಿಸಿದರೆ ಅಲೆಗೆ ದಿಗಂತ ಎಷ್ಟು ಕಿಲೋಮೀಟರೆಂದು ತಿಳಿಯುತ್ತದೆ. ೫೦೦ ಮೀಟರ್ ಎತ್ತರದ ಗೋಪುರಕ್ಕೆ ೯೦ ಕಿಲೋಮೀಟರಿನ ಆಸುಪಾಸು. ನಮ್ಮ ಮಾಡಿನ ಮೇಲಿನ ಕಂಬ ೯ ಮೀಟರಾದರೆ ಅದರ ಪಾಲಿನದು ಇನ್ನು ೧೨. ಒಟ್ಟು ನೂರು ಕಿಲೋಮೀಟರ್, ಎಂದರೆ ೬೦ ಮೈಲಿ ಚಿಲ್ಲರೆ. ಹವಾಮಾನದ ವಿಚಿತ್ರಗಳಿಂದ ಯಾವಾಗಲೋ ಒಂದು ದಿನ ದೂರದ ನಿಲಯ ಇಣುಕುವುದುಂಟು. ಅದನ್ನು ನಂಬಿ ಸಾಮಾನು ಮಾರುವುದು ಲಾಟರಿ ಚೀಟಿಯನ್ನು ಸಂಬಳವೆಂದು ಕೊಟ್ಟಂತೆ. ಕಿಟಕಿಗೆ ಅಂಟಿಸಿದ ತಟ್ಟೆಗೆ ೨೦೦ ಮೈಲಿ ಎನ್ನುವವನು ಭೂಮಿ ಚಪ್ಪಟೆಯೆಂದು ನಂಬಿರಬೇಕು, ಇಲ್ಲವೆ ಕೊಳ್ಳುವವರು ಹಾಗೆ ನಂಬಿದ್ದಾರೆಂದು ನಂಬಿರಬೇಕು.

ಎರಡನೆಯ ಸುಳ್ಳು 'ಡಿಜಿಟಲ್ ಆಂಟೆನಾ'. ಇಂಥ ವಸ್ತು ಲೋಕದಲ್ಲಿ ಇಲ್ಲ. ಅಲೆಯ ಮೇಲೆ ಹೊತ್ತು ತಂದದ್ದು ಅಂಕಿಯೋ ಚಿತ್ರವೋ ಲೋಹದ ಕಡ್ಡಿಗೆ ತಿಳಿಯದು. ಕಡ್ಡಿಗೆ ತಿಳಿಯುವುದು ಒಂದೇ: ಅಳತೆ. ಅಲೆಯ ಉದ್ದದ ಅರ್ಧದಷ್ಟು ಕಡ್ಡಿ ಇದ್ದರೆ ಅದು ಅಲೆಗೆ ಚೆನ್ನಾಗಿ ಮಿಡಿಯುತ್ತದೆ. ಮುನ್ನೂರನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬಂತು. ಅಮೆರಿಕದ ೬ನೆಯ ಚಾನೆಲ್ ೮೨ರಿಂದ ೮೮ ಮೆಗಾಹರ್ಟ್ಸ್; ಅಲೆ ಮೂರೂವರೆ ಮೀಟರ್; ಅದಕ್ಕೆ ಬೇಕಾದ ಕಡ್ಡಿ ಒಂದು ಆಳಿನುದ್ದ. ೭ರಿಂದ ೧೩ರವರೆಗಿನ ಚಾನೆಲ್ಲುಗಳು ೧೭೪ರಿಂದ ೨೧೬; ಅವಕ್ಕೆ ಒಂದೂವರೆ ಮೊಳದ ಮೇಲೆ ಸ್ವಲ್ಪ. ೧೪ರಿಂದ ೩೬ರವರೆಗಿನವು ೪೭೦ರಿಂದ ೬೦೮. ಅವಕ್ಕೆ ಒಂದು ಗೇಣು ಮೂರು ಬೆರಳು ಸಾಕು. ಆಳುದ್ದ, ಮೊಳ, ಗೇಣು: ಆಂಟೆನಾ ಶಾಸ್ತ್ರದ ಮುಕ್ಕಾಲು ಭಾಗ ಇದರಲ್ಲಿ ಮುಗಿಯಿತು. ಮುದುಕಿಯ ಕಿಟಕಿಯ ತಟ್ಟೆ ಗೇಣಿನ ಲೆಕ್ಕದ್ದು. ಆಳುದ್ದದ ಅಲೆಯನ್ನು ಅದು ಹಿಡಿಯುವುದು ಚಹಾ ಸೋಸುವ ಜಾಲರಿಯಲ್ಲಿ ಆನೆಯನ್ನು ಹಿಡಿದ ಹಾಗೆ.

ಇಷ್ಟು ಸರಳವಾದ ವಿಷಯ ಜನಕ್ಕೆ ಯಾಕೆ ತಿಳಿಯಲಿಲ್ಲ? ಇದಕ್ಕೊಂದು ಇತಿಹಾಸವಿದೆ. ೨೦೦೯ರ ಜೂನ್ ೧೨ರಂದು ಅಮೆರಿಕದ ಪೂರ್ಣಶಕ್ತಿಯ ನಿಲಯಗಳೆಲ್ಲ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿದವು. ಹಳೆಯ ಟಿ.ವಿ. ಇದ್ದವರು ಪರಿವರ್ತಕ ಪೆಟ್ಟಿಗೆ ಕೊಳ್ಳಲೆಂದು ಸರ್ಕಾರ ೪೦ ಡಾಲರಿನ ಕೂಪನ್ನುಗಳನ್ನು, ಮನೆಗೆ ಎರಡರಂತೆ, ಹಂಚಿತು. ನಿಲಯಗಳಲ್ಲಿ ಹೆಚ್ಚಿನವು ಗೇಣಿನ ಕಡ್ಡಿಯ ಪಟ್ಟಿಗೆ ಹೋದವು. ಆದರೆ ಹಳೆಯ ಸಂಖ್ಯೆಯ ಮಮತೆ ಬಿಡಲಿಲ್ಲ. ಪರದೆಯ ಮೇಲೆ ೨ ಎಂದು ತೋರಿಸುವ ನ್ಯೂಯಾರ್ಕ್ ನಿಲಯ ಈಗ ನಿಜವಾಗಿ ಪ್ರಸಾರವಾಗುವುದು ೩೬ರಲ್ಲಿ. ೪ ಎಂಬುದು ೩೫ರಲ್ಲಿ. ಆದರೆ ೭ ನಿಜವಾಗಿಯೂ ೭. ೧೧ ನಿಜವಾಗಿಯೂ ೧೧. ೧೩ ಎಂಬುದು ೧೨! ಫಿಲಡೆಲ್ಫಿಯದಲ್ಲಿ ೧೨ ಎಂಬುದು ೧೩. ೬ ಮಾತ್ರ ಸತ್ಯಹರಿಶ್ಚಂದ್ರನಂತೆ ೬ರಲ್ಲಿಯೇ ನಿಂತಿದೆ. ಹೆಸರೊಂದು, ವಿಳಾಸವೊಂದು. ಗೇಣಿನ ಆಂಟೆನಾ ಮಾತ್ರ ಸಾಕು ಎಂದು ಆ ವರ್ಷ ಮಾರಿದವರು ಮಾರಿದರು, ಕೊಂಡವರು ಕೊಂಡರು. ಬೆಳಗಾದರೆ ಫಿಲಡೆಲ್ಫಿಯದ ಸುತ್ತ ೬ ಕಾಣುವುದಿಲ್ಲವೆಂಬ ದೂರು ಎಷ್ಟಾಯಿತೆಂದರೆ, ಆ ನಿಲಯ ಸರ್ಕಾರದ ಅಪ್ಪಣೆ ಪಡೆದು ತನ್ನ ಶಕ್ತಿಯನ್ನು ಹೆಚ್ಚಿಸಬೇಕಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ೨೦೧೭ರಲ್ಲಿ ಮುಗಿದ ಹರಾಜಿನಲ್ಲಿ ೩೮ರಿಂದ ೫೧ರವರೆಗಿನ ಚಾನೆಲ್ಲುಗಳ ಆಕಾಶವನ್ನು ಮೊಬೈಲ್ ಕಂಪನಿಗಳಿಗೆ ಮಾರಲಾಯಿತು. ಬಂದ ಹಣ ೧೯೮೦ ಕೋಟಿ ಡಾಲರ್. ಉಳಿದ ನಿಲಯಗಳನ್ನು ಕೆಳಗಿನ ಚಾನೆಲ್ಲುಗಳಿಗೆ ಒತ್ತರಿಸಿ ಕೂರಿಸುವ ಕೆಲಸ ೨೦೨೦ರವರೆಗೆ ನಡೆಯಿತು. ಈ ಒತ್ತರಿಕೆಯಲ್ಲಿ ಕೆಲವು ನಿಲಯಗಳು ಮತ್ತೆ ಮೊಳದ ಪಟ್ಟಿಗೆ ಬಂದವು. ಆದಕಾರಣ ೨೦೦೯ರಲ್ಲಿ ಕೊಂಡ ಬುದ್ಧಿ ಇಂದಿಗೆ ಸಾಲದು. ೫೧ರವರೆಗೆ ಹಿಡಿಯುವ ಹಳೆಯ ಆಂಟೆನಾ ಇಂದು ಮೊಬೈಲ್ ಗೋಪುರದ ಗದ್ದಲವನ್ನೂ ಒಳಗೆ ಕರೆಯುತ್ತದೆ. ಅದನ್ನು ತಡೆಯಲು ಒಂದು ಶೋಧಕವನ್ನು ಹಾಕಬೇಕು. ಕೊಳ್ಳುವ ಮೊದಲು ತನ್ನ ಊರಿನ ನಿಲಯಗಳ ನಿಜವಾದ ಚಾನೆಲ್ ಯಾವುದು, ಗೋಪುರ ಯಾವ ದಿಕ್ಕಿಗೆ, ಎಷ್ಟು ದೂರ ಎಂಬ ಮೂರು ಸಂಗತಿ ಬರೆದಿಟ್ಟುಕೊಳ್ಳಬೇಕು. ಹೆಣ್ಣು ನೋಡಲು ಹೋಗುವವರು ಗೋತ್ರ ಕೇಳುತ್ತಾರೆ; ಆಂಟೆನಾ ತರಲು ಹೋಗುವವರು ಇಷ್ಟನ್ನೂ ಕೇಳುವುದಿಲ್ಲ.

ಇನ್ನು ನಮ್ಮ ಅಳಿಯಂದಿರ ವಿಷಯ. ಮನೆಯ ಮಾತನ್ನು ಪತ್ರಿಕೆಗೆ ತರಬಾರದು ನಿಜ; ಆದರೆ ಅವರು ಒಪ್ಪಿಗೆ ಕೊಟ್ಟಿದ್ದಾರೆ. ಪ್ಲೇನ್ಸ್‌ಬರೊ ಎಂಬುದು ಎರಡು ಊರುಗಳ ನಡುವಿನ ಗಡಿನಾಡು. ಈಶಾನ್ಯಕ್ಕೆ ೪೦ ಮೈಲಿ ಚಿಲ್ಲರೆಯಲ್ಲಿ ನ್ಯೂಯಾರ್ಕ್: ಎಂಪೈರ್ ಸ್ಟೇಟ್ ಕಟ್ಟಡ, ಒನ್ ವರ್ಲ್ಡ್ ಟ್ರೇಡ್ ಸೆಂಟರ್. ನೈಋತ್ಯಕ್ಕೆ ಅಷ್ಟೇ ದೂರದಲ್ಲಿ ಫಿಲಡೆಲ್ಫಿಯದ ರಾಕ್ಸ್‌ಬರೊ ಗುಡ್ಡದ ಗೋಪುರಗಳು. ಒಂದಕ್ಕೆ ಮುಖ ಮಾಡಿದರೆ ಇನ್ನೊಂದಕ್ಕೆ ಬೆನ್ನು. ಅಳಿಯಂದಿರಿಗೆ ಎರಡೂ ಬೇಕು. ಅಲ್ಲಿಯ ಫುಟ್‌ಬಾಲ್ ಹುಚ್ಚು ನಮ್ಮ ಕ್ರಿಕೆಟ್ ಹುಚ್ಚಿಗಿಂತ ಒಂದು ಗುಲಗಂಜಿ ಹೆಚ್ಚೇ. ನ್ಯೂಯಾರ್ಕಿನ ನಿಲಯಗಳು ತಮ್ಮ ಊರಿನ ತಂಡದ ಪಂದ್ಯ ತೋರಿಸಿದರೆ ಫಿಲಡೆಲ್ಫಿಯದವು ತಮ್ಮದನ್ನು ತೋರಿಸುತ್ತವೆ. ಗಡಿನಾಡಿನವನಿಗೆ ಎರಡು ಭಾಷೆ ಬರುವಂತೆ ಎರಡು ಊರಿನ ಪಂದ್ಯವೂ ಬರಬೇಕೆಂಬುದು ಅವರ ವಾದ. ನ್ಯಾಯವೇ.

ಆದರೆ ಅದಕ್ಕೆ ಅವರು ಮಾಡಿದ ಉಪಾಯ ನೋಡಿ. ಎರಡು ದೊಡ್ಡ ಆಂಟೆನಾ ತಂದರು; ಒಂದನ್ನು ಈಶಾನ್ಯಕ್ಕೂ ಒಂದನ್ನು ನೈಋತ್ಯಕ್ಕೂ ತಿರುಗಿಸಿ ಒಂದೇ ಕಂಬಕ್ಕೆ ಕಟ್ಟಿದರು. ಒಂದು ತಂತಿಯನ್ನು ಎರಡು ಟಿ.ವಿ.ಗೆ ಹಂಚುವ ಸಣ್ಣ ಪೆಟ್ಟಿಗೆಯನ್ನು ತಿರುವುಮುರುವು ಹಾಕಿ ಎರಡು ತಂತಿಗಳನ್ನು ಒಂದು ಮಾಡಿದರು. ಟಿ.ವಿ.ಯ ಹಿಂದೆ ಒಂದು ಬೂಸ್ಟರ್ ಇಟ್ಟರು. ಒಂದೇ ಆಂಟೆನಾ ಇದ್ದಾಗ ಬರುತ್ತಿದ್ದ ನಿಲಯಗಳಲ್ಲಿ ಐದು ಮಾಯವಾದವು! "ಮಾವ, ಎರಡಕ್ಕೆ ಎರಡು ಸೇರಿದರೆ ನಾಲ್ಕಾಗಬೇಕಲ್ಲ?" ಎಂದು ಕೇಳಿದರು. ಗಣಿತದಲ್ಲಿ ಆಗಬೇಕು. ಅಲೆಗಳಲ್ಲಿ ಎರಡಕ್ಕೆ ಎರಡು ಸೇರಿದರೆ ನಾಲ್ಕೂ ಆಗಬಹುದು, ಸೊನ್ನೆಯೂ ಆಗಬಹುದು.

ಯಾಕೆಂದರೆ ಯಾವ ಆಂಟೆನಾವೂ ಒಂದೇ ದಿಕ್ಕಿಗೆ ನೋಡುವ ಪತಿವ್ರತೆಯಲ್ಲ. ನ್ಯೂಯಾರ್ಕಿಗೆ ಮುಖ ಮಾಡಿದ್ದು ಅಲ್ಲಿಯ ನಿಲಯವನ್ನು ಬಲವಾಗಿ ಹಿಡಿಯುತ್ತದೆ. ಅತ್ತ ಬೆನ್ನು ಮಾಡಿದ್ದೂ ಅದೇ ನಿಲಯವನ್ನು ಬೆನ್ನಿನಿಂದಲೋ ಮಗ್ಗುಲಿನಿಂದಲೋ ಸ್ವಲ್ಪ ಹಿಡಿಯುತ್ತದೆ. ಎರಡು ಪ್ರತಿಗಳು ಬೇರೆ ಬೇರೆ ದಾರಿಯಲ್ಲಿ ಬಂದು ಪೆಟ್ಟಿಗೆಯಲ್ಲಿ ಕೂಡುತ್ತವೆ. ಇಬ್ಬರು ಒಂದೇ ಕೀರ್ತನೆಯನ್ನು ಅರ್ಧ ತಾಳದ ಅಂತರದಲ್ಲಿ ಹಾಡಿದರೆ ಕೇಳುವವನಿಗೆ ಏನಾಗುವುದೋ ಟಿ.ವಿ.ಗೂ ಅದೇ ಆಗುವುದು. ಕೆಲವು ಚಾನೆಲ್ಲಿನಲ್ಲಿ ತಾಳ ಕೂಡುತ್ತದೆ, ಕೆಲವು ಚಾನೆಲ್ಲಿನಲ್ಲಿ ಒಬ್ಬರನ್ನೊಬ್ಬರು ಅಳಿಸಿಬಿಡುತ್ತಾರೆ. ಸಾಲದುದಕ್ಕೆ ಆ ತಿರುವುಮುರುವು ಪೆಟ್ಟಿಗೆಯಲ್ಲಿ ಪ್ರತಿಯೊಂದು ಆಂಟೆನಾ ತಂದದ್ದರಲ್ಲಿ ಅರ್ಧದಷ್ಟು ಅಲ್ಲೇ ಕರಗಿಹೋಗುತ್ತದೆ. ದೂರದ ನಿಲಯಕ್ಕೆ ಆ ಅರ್ಧವೇ ಪ್ರಾಣ.

ಒಂದೇ ದಿಕ್ಕಿಗೆ, ಒಂದೇ ಬಗೆಯ ಎರಡು ಆಂಟೆನಾಗಳನ್ನು ಜೋಡಿಸುವುದು ಬೇರೆ ಮಾತು. ಅಲ್ಲಿ ಎರಡು ತಂತಿಗಳೂ ಒಂದೇ ಜಾತಿಯವು, ಒಂದೇ ಉದ್ದದವು ಆಗಿರಬೇಕು. ಒಂದು ಬೆರಳಿನ ವ್ಯತ್ಯಾಸವೂ ತಾಳವನ್ನು ಕದಡಬಹುದು. ಎಲ್ಲವೂ ಸರಿಯಾದರೆ ಸಿಗುವ ಲಾಭ ಎಷ್ಟು? ಹೆಚ್ಚೆಂದರೆ ಇಮ್ಮಡಿ, ಡೆಸಿಬೆಲ್ ಲೆಕ್ಕದಲ್ಲಿ ೩. ವ್ಯವಹಾರದಲ್ಲಿ ಎರಡೂವರೆ. ಇದಕ್ಕಾಗಿ ಎರಡರಷ್ಟು ಹಣ, ಎರಡರಷ್ಟು ಗಾಳಿಯ ಹೊಡೆತ. ಆ ಹಣಕ್ಕೆ ಮೊದಲೇ ಒಂದು ಒಳ್ಳೆಯ ಆಂಟೆನಾ ಕೊಂಡು, ಕಂಬವನ್ನು ಮಾಡಿನ ಮೇಲೆಯೇ ಎರಡಡಿ ಅತ್ತ, ಎರಡಡಿ ಇತ್ತ ಸರಿಸಿ ನೋಡುವ ತಾಳ್ಮೆ ಇದ್ದರೆ ಹೆಚ್ಚು ಲಾಭ. ಎರಡಡಿಯಲ್ಲಿ ಏನು ವ್ಯತ್ಯಾಸವೆನ್ನುವವರು ಮಾಡು ಹತ್ತದವರು.

ಬೂಸ್ಟರಿನ ಮೇಲೆ ಜನಕ್ಕಿರುವ ಭಕ್ತಿ ನನಗೆ ಎಂದೂ ಅರ್ಥವಾಗಿಲ್ಲ. ಗಣೇಶೋತ್ಸವದ ಮೈಕಿನ ಮುಂದೆ ಗಂಟಲು ಕಟ್ಟಿದ ಗಾಯಕನನ್ನು ನಿಲ್ಲಿಸಿ ಶಬ್ದ ಹೆಚ್ಚಿಸಿದರೆ ಗಂಟಲು ಬಿಡುತ್ತದೆಯೆ? ಊರಿಗೆಲ್ಲ ಕೇಳಿಸುವುದು ಕಟ್ಟಿದ ಗಂಟಲೇ. ಬೂಸ್ಟರ್ ಅಲೆಯನ್ನು ಹಿಗ್ಗಿಸುವಂತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಅದರ ಮೇಲೆ ತನ್ನದೂ ಒಂದಿಷ್ಟು ಗದ್ದಲವನ್ನು ಸೇರಿಸುತ್ತದೆ. ಅದರ ನಿಜವಾದ ಕೆಲಸ ಒಂದೇ: ತಂತಿಯಲ್ಲಿ ಆಗುವ ನಷ್ಟವನ್ನು ಮೊದಲೇ ತುಂಬಿಕೊಡುವುದು. ಸಾಮಾನ್ಯವಾಗಿ ಬಳಸುವ ಆರ್.ಜಿ.-೬ ತಂತಿಯಲ್ಲಿ ೧೦೦ ಅಡಿ ಹೋಗುವಷ್ಟರಲ್ಲಿ ಗೇಣಿನ ಪಟ್ಟಿಯ ಅಲೆ ಮೂರರಲ್ಲಿ ಎರಡು ಪಾಲು ಕಳೆದುಹೋಗುತ್ತದೆ. ಆದುದರಿಂದ ಬೂಸ್ಟರಿನ ಜಾಗ ಕಂಬದ ಮೇಲೆ, ಆಂಟೆನಾದ ಮಗ್ಗುಲಲ್ಲಿ; ಟಿ.ವಿ.ಯ ಹಿಂದೆ ಅಲ್ಲ. ಟಿ.ವಿ.ಯ ಹಿಂದೆ ಇಡುವುದು ಮನೆ ಕಳುವಾದ ಮೇಲೆ ಬೀಗ ಕೊಂಡಂತೆ. ಗೋಪುರ ಹತ್ತಿರವಿರುವವರು ಇಟ್ಟರಂತೂ ಬಲವಾದ ಅಲೆಯಿಂದ ಬೂಸ್ಟರಿಗೇ ಉಸಿರು ಕಟ್ಟಿ ಇದ್ದದ್ದೂ ಹೋಗುತ್ತದೆ.

ಅನಲಾಗ್ ಕಾಲದಲ್ಲಿ ಇಂಥ ತಪ್ಪುಗಳು ಕಣ್ಣಿಗೆ ಕಾಣುತ್ತಿದ್ದವು. ಚಿತ್ರದ ಮೇಲೆ ಮಂಜು ಬಿದ್ದರೆ ಅಲೆ ಸಾಲದು. ಒಬ್ಬ ಮನುಷ್ಯನ ಪಕ್ಕದಲ್ಲಿ ಅವನ ಪ್ರೇತ ನಿಂತರೆ ಎರಡು ದಾರಿಯಿಂದ ಅಲೆ ಬರುತ್ತಿದೆ. ರೋಗಕ್ಕೆ ತಕ್ಕ ಲಕ್ಷಣ. ಡಿಜಿಟಲ್‌ನಲ್ಲಿ ಲಕ್ಷಣವೇ ಇಲ್ಲ: ಚಿತ್ರ ಬಂದರೆ ಕನ್ನಡಿಯಂತೆ ಬಂತು, ಇಲ್ಲವಾದರೆ ಇಲ್ಲವೇ ಇಲ್ಲ. ಅಂಚಿನಲ್ಲಿ ನಿಂತವನು ಅಂಚಿನಲ್ಲಿದ್ದೇನೆಂದು ತಿಳಿಯದೆ ನಿಂತಿರುತ್ತಾನೆ. ವಸಂತದಲ್ಲಿ ಮರಕ್ಕೆ ಎಲೆ ಬಂದೊಡನೆ ಬಿದ್ದುಹೋಗುತ್ತಾನೆ. ಈ ಕತ್ತಲೆಯಲ್ಲಿಯೇ ಸುಳ್ಳು ಡಬ್ಬಿಗಳ ವ್ಯಾಪಾರ ಬೆಳೆದದ್ದು.

ಕಡೆಗೆ ನಾವು ಮಾಡಿದ್ದು ಇಷ್ಟು. ಮೊಳದ ಮತ್ತು ಗೇಣಿನ ಪಟ್ಟಿಗಳೆರಡನ್ನೂ ಹಿಡಿಯುವ ಒಂದು ಆಂಟೆನಾ ನ್ಯೂಯಾರ್ಕಿನ ಕಡೆಗೆ. ಅದರ ಮೇಲೆ ಸಾಕಷ್ಟು ಅಂತರ ಬಿಟ್ಟು, ಆಳುದ್ದದ ಕಡ್ಡಿಗಳದು ಒಂದು, ೬ನೆಯ ಚಾನೆಲ್ಲಿಗಾಗಿಯೇ, ಫಿಲಡೆಲ್ಫಿಯದ ಕಡೆಗೆ. ಇವೆರಡನ್ನು ಕೂಡಿಸಿದ್ದು ಹಂಚುವ ಪೆಟ್ಟಿಗೆಯಿಂದ ಅಲ್ಲ, ಪಟ್ಟಿಗಳನ್ನು ವಿಂಗಡಿಸುವ ಪೆಟ್ಟಿಗೆಯಿಂದ. ಅದರ ಒಂದು ಬಾಗಿಲು ಕೆಳಗಿನ ಪಟ್ಟಿಯನ್ನು ಮಾತ್ರ, ಇನ್ನೊಂದು ಮೇಲಿನವನ್ನು ಮಾತ್ರ ಒಳಗೆ ಬಿಡುತ್ತದೆ. ಒಬ್ಬರ ಕೀರ್ತನೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ನಷ್ಟವೂ ಅತ್ಯಲ್ಪ. ಫಿಲಡೆಲ್ಫಿಯದ ಮೇಲಿನ ಪಟ್ಟಿಗಳಿಗೆ ಅಳಿಯಂದಿರ ಎರಡನೆಯ ಆಂಟೆನಾ. ಅದನ್ನು ಯಾವುದಕ್ಕೂ ಕೂಡಿಸಲಿಲ್ಲ. ಅದರ ತಂತಿ ಬೇರೆ, ಅದರ ಟ್ಯೂನರ್ ಬೇರೆ. ಎರಡು ಟ್ಯೂನರಿನಿಂದ ಬಂದದ್ದನ್ನು ಮನೆಯೊಳಗಿನ ಜಾಲದಲ್ಲಿ ಕೂಡಿಸಿದೆವು. ಅಲ್ಲಿ ಅಂಕಿಗೆ ಅಂಕಿ ಸೇರುತ್ತದೆ, ಅಲೆಗೆ ಅಲೆ ತಾಗುವುದಿಲ್ಲ. ೮೮ ಮೆಗಾಹರ್ಟ್ಸಿನಿಂದಲೇ ಎಫ್.ಎಂ. ರೇಡಿಯೋ ಶುರುವಾಗುವುದರಿಂದ ೬ನೆಯ ಚಾನೆಲ್ಲಿಗೆ ಅದರ ಕಾಟ; ಆದರೆ ಎಫ್.ಎಂ. ತಡೆಯುವ ಶೋಧಕಗಳಲ್ಲಿ ಕೆಲವು ನೆರೆಯ ೬ನ್ನೂ ಕಡಿಯುತ್ತವೆ. ಅದನ್ನು ಆರಿಸುವುದರಲ್ಲಿ ಒಂದು ವಾರ ಹೋಯಿತು. ಕಂಬವನ್ನೂ ತಂತಿಯ ಹೊರಕವಚವನ್ನೂ ಮನೆಯ ವಿದ್ಯುತ್ತಿನ ಭೂಸಂಪರ್ಕಕ್ಕೆ ಕಟ್ಟಿದೆವು. ಇದು ಅಲ್ಲಿಯ ವಿದ್ಯುತ್ ಸಂಹಿತೆಯ ಕಟ್ಟಳೆ, ಇದನ್ನು ಬಿಟ್ಟವನಿಗೆ ಆಂಟೆನಾ ಏರಿಸುವ ಹಕ್ಕಿಲ್ಲ.

ಕಂಬ ಏರಿದ ಎಂಟನೆಯ ದಿನ ಬಡಾವಣೆಯ ಮನೆಯೊಡೆಯರ ಸಂಘದಿಂದ ಪತ್ರ ಬಂತು: ಮಾಡಿನ ಮೇಲಿನ ವಸ್ತು ಬಡಾವಣೆಯ ಅಂದಕ್ಕೆ ತಕ್ಕುದಲ್ಲ, ತೆಗೆಯತಕ್ಕದ್ದು. ಮಗಳು ಹೆದರಿದಳು. "ಅಪ್ಪಾ, ತೆಗೆದುಬಿಡೋಣ. ಸುಮ್ಮನೆ ಯಾಕೆ ಹೆಸರು ಕೆಡಿಸಿಕೊಳ್ಳುವುದು? ನಮ್ಮವರೇ ಆಡಿಕೊಳ್ಳುತ್ತಿದ್ದಾರೆ" ಎಂದಳು. ನಿಜವಾದ ರೋಗ ಇಲ್ಲಿದೆ. ಆಂಟೆನಾ ಇದ್ದ ಮನೆ ಬಡವರ ಮನೆ ಎಂಬ ಭಾವನೆ. ಊರಿನಲ್ಲಿ ೧೯೮೦ರ ದಶಕದಲ್ಲಿ ತಾರಸಿಯ ಮೇಲೆ ಆಂಟೆನಾ ಇದ್ದವನೇ ಸಾಹುಕಾರ. ಬೀದಿಯ ಮಕ್ಕಳೆಲ್ಲ ಅವನ ಮನೆಯ ಹಜಾರದಲ್ಲಿ. ಅದೇ ಕಂಬ, ಅದೇ ಕಡ್ಡಿ. ದೇಶ ಬದಲಾದೊಡನೆ ದಾರಿದ್ರ್ಯದ ಬಾವುಟ!

ಸಂಘದವರಿಗೆ ತಿಳಿಯದ, ಅಥವಾ ತಿಳಿದೂ ಹೇಳದ, ಒಂದು ಮಾತಿದೆ. ೧೯೯೬ರ ದೂರಸಂಪರ್ಕ ಕಾಯಿದೆಯ ಅಪ್ಪಣೆಯಂತೆ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಒಂದು ನಿಯಮ ಮಾಡಿತು. ಓಟಾರ್ಡ್ ಎಂದು ಅದನ್ನು ಕರೆಯುತ್ತಾರೆ. ತನ್ನ ಸ್ವಂತ ಅಧೀನದಲ್ಲಿರುವ ಜಾಗದಲ್ಲಿ ಸ್ಥಳೀಯ ಟೆಲಿವಿಷನ್ ಹಿಡಿಯುವ ಆಂಟೆನಾ ಇಡುವುದನ್ನು ಸಂಘವಾಗಲಿ ನಗರಸಭೆಯಾಗಲಿ ಅಡ್ಡಿಪಡಿಸುವಂತಿಲ್ಲ. ಅಕಾರಣವಾಗಿ ತಡಮಾಡುವಂತೆಯೂ ಇಲ್ಲ, ಖರ್ಚು ಹೆಚ್ಚಿಸುವಂತೆಯೂ ಇಲ್ಲ. ಅಪಾಯ ತಪ್ಪಿಸಲು, ಐತಿಹಾಸಿಕ ಕಟ್ಟಡಗಳ ರಕ್ಷಣೆಗೆ ನಿಯಮಗಳಿರಬಹುದು. ಮಾಡಿನಿಂದ ೧೨ ಅಡಿಗಿಂತ ಮೇಲಕ್ಕೆ ಹೋಗುವ ಕಂಬಕ್ಕೆ ಅಪ್ಪಣೆ ಕೇಳಬಹುದು. ಬಹುಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಸೇರಿದ ತಾರಸಿಯ ಮೇಲೆ ಈ ಹಕ್ಕು ನಡೆಯದು. ತನ್ನ ಬಾಲ್ಕನಿಯಲ್ಲಿ ನಡೆಯುತ್ತದೆ. ಅಂದಚಂದದ ಹೆಸರಿನಲ್ಲಿ ಹಿಡಿಯುವುದನ್ನೇ ತಡೆಯುವುದು ಮಾತ್ರ ಸಲ್ಲದು. ಇಷ್ಟು ಗಟ್ಟಿಯಾದ ಹಕ್ಕು ಕೈಯಲ್ಲಿದ್ದೂ ನಮ್ಮ ವಿದ್ಯಾವಂತರು ಒಂದು ಕಾಗದಕ್ಕೆ ಹೆದರಿ ಬಾಡಿಗೆ ಕಟ್ಟುತ್ತಾರೆ.

"ಇಂಟರ್ನೆಟ್ಟಿನಲ್ಲಿ ಎಲ್ಲವೂ ಬರುವಾಗ ಇದೆಲ್ಲ ಯಾಕೆ?" ಎಂಬ ಆಕ್ಷೇಪಣೆ ಉಂಟು. ಬರುತ್ತದೆ, ಹಣ ಕೊಟ್ಟವರಿಗೆ, ತಂತಿ ಇರುವವರೆಗೆ. ೨೦೧೨ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂ ಜೆರ್ಸಿಯನ್ನು ಹೊಡೆದಾಗ ಲಕ್ಷಾಂತರ ಮನೆಗಳಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲ, ತಂತಿಯಿಲ್ಲ. ಗೋಪುರಗಳೂ ಚಿರಂಜೀವಿಗಳಲ್ಲ, ಒಪ್ಪುತ್ತೇನೆ: ೨೦೦೧ರ ಸೆಪ್ಟೆಂಬರ್ ೧೧ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರ ಕುಸಿದಾಗ ಅದರ ತುದಿಯಿಂದ ಪ್ರಸಾರವಾಗುತ್ತಿದ್ದ ನಿಲಯಗಳೂ ಗಾಳಿಯಿಂದ ಮರೆಯಾದವು. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಬದಲಿ ಯಂತ್ರ ಇಟ್ಟುಕೊಂಡಿದ್ದ ೨ನೆಯ ಚಾನೆಲ್ ಮಾತ್ರ ಮಾತಾಡುತ್ತಲೇ ಇತ್ತು. ಒಂದನ್ನೇ ನಂಬಬಾರದೆಂಬುದಕ್ಕೆ ಅದು ಸಾಕ್ಷಿ. ಗಾಳಿಯನ್ನು ಬಿಟ್ಟುಬಿಡಬೇಕೆಂಬುದಕ್ಕೆ ಅಲ್ಲ.

ನಮ್ಮ ದೇಶದ ಮಾತು ಬಂದರೆ ನಾನು ತಲೆ ತಗ್ಗಿಸಬೇಕು. ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಶುರುವಾದ ನೆಲದ ಪ್ರಸಾರ ೧೯೮೧ರಲ್ಲಿ ಬೆಂಗಳೂರಿಗೆ ಬಂತು. ಅದಕ್ಕೂ ಮೊದಲೇ, ೧೯೭೫-೭೬ರಲ್ಲಿ, ಉಪಗ್ರಹದ ಪ್ರಯೋಗಕ್ಕಾಗಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ಕೊಡೆಗಳನ್ನು ನೆಟ್ಟಿದ್ದರು. ಹಳ್ಳಿಗರು ಅದರ ಮುಂದೆ ಸಾಲಾಗಿ ಕೂತು ಚಿತ್ರ ನೋಡಿದರು. ೨೦೨೨ರ ಮಾರ್ಚಿನ ಹೊತ್ತಿಗೆ ಪ್ರಸಾರ ಭಾರತಿಯು ಆಯಕಟ್ಟಿನ ಜಾಗಗಳ ಐವತ್ತರಷ್ಟನ್ನು ಉಳಿಸಿಕೊಂಡು ದೇಶದ ಅನಲಾಗ್ ಪ್ರೇಷಕಗಳನ್ನು ಮುಚ್ಚುವ ಕೆಲಸವನ್ನು ಮುಗಿಸಲು ಹೊರಟಿತು. ನೋಡುವವರಿಲ್ಲ, ಖರ್ಚು ವ್ಯರ್ಥ, ಫ್ರೀ ಡಿಶ್ ಇದೆಯಲ್ಲ ಎಂದರು. ಕಾರಣಗಳು ಸುಳ್ಳಲ್ಲ. ಆದರೆ ಅಮೆರಿಕದಲ್ಲಿ ಅನಲಾಗ್ ನಿಲ್ಲಿಸಿದಾಗ ಮನೆಗೆ ಎರಡು ಕೂಪನ್ ಕೊಟ್ಟರು, ಅದೇ ಗಾಳಿಯಲ್ಲಿ ಡಿಜಿಟಲ್ ಕೊಟ್ಟರು. ಜನ ದೂರು ಕೊಟ್ಟಾಗ ಕಿವಿಗೊಟ್ಟರು. ನಮ್ಮಲ್ಲಿ ಎಷ್ಟು ಜನ ದೂರು ಕೊಟ್ಟರು? ಅರವತ್ತು ವರ್ಷದ ಪ್ರಸಾರಕ್ಕೆ ಒಂದು ಶ್ರದ್ಧಾಂಜಲಿಯ ಲೇಖನವನ್ನೂ ನಾನು ಬರೆಯಲಿಲ್ಲ. ನನ್ನ ತಾರಸಿಯ ಆಂಟೆನಾವನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದೆ.

ಅಮೆರಿಕದಲ್ಲೂ ಮುಂದಿನ ದಿನ ನೆಮ್ಮದಿಯದೆಂದು ಹೇಳಲಾರೆ. ಹೊಸ ಪೀಳಿಗೆಯ ಪ್ರಸಾರಕ್ಕೆ, ಎ.ಟಿ.ಎಸ್.ಸಿ. ೩.೦ ಎಂಬುದಕ್ಕೆ, ೨೦೧೭ರಲ್ಲಿ ಅನುಮತಿ ಸಿಕ್ಕಿತು. ತಂತ್ರ ಉತ್ತಮವಾದದ್ದೇ. ಆದರೆ ಹಲವು ನಿಲಯಗಳು ಅದಕ್ಕೆ ಬೀಗ ಹಾಕಿ ಪ್ರಸಾರ ಮಾಡುತ್ತಿವೆ. ಅವರು ಒಪ್ಪಿದ ಯಂತ್ರಕ್ಕೆ ಮಾತ್ರ ಬೀಗದ ಕೈ. ಸಾರ್ವಜನಿಕರ ಗಾಳಿಯನ್ನು ಪುಕ್ಕಟೆ ಬಳಸಿಕೊಂಡು ಅದರಲ್ಲಿ ಬೀಗ ಹಾಕಿದ ಪೆಟ್ಟಿಗೆ ತೇಲಿಸಿಬಿಡುವುದು ಯಾವ ನ್ಯಾಯ? ಹಿಡಿಯುವವರ ಸಂಖ್ಯೆ ಕಡಿಮೆಯಾದಷ್ಟೂ ಬೀಗ ಹಾಕುವವರ ಧೈರ್ಯ ಹೆಚ್ಚುತ್ತದೆ. ಪಂಕ್ತಿಯಲ್ಲಿ ನಕ್ಕ ಮಹನೀಯರು ಇದನ್ನು ಯೋಚಿಸಿದಂತಿಲ್ಲ.

ಪಕ್ಕದ ಮನೆಯ ಮುದುಕಿಗೂ ೬ನೆಯ ಚಾನೆಲ್ಲಿಗೆ ತಕ್ಕ ಒಂದು ಆಂಟೆನಾ ಹಾಕಿಕೊಟ್ಟೆವು. ಅಟ್ಟದಲ್ಲಿಯೇ ಸಾಕಾಯಿತು, ಅವರ ಅಟ್ಟಕ್ಕೆ ಲೋಹದ ಹಾಳೆಯ ಹೊದಿಕೆ ಇಲ್ಲದಿದ್ದದ್ದು ಪುಣ್ಯ. ಸಂಜೆ ಆರಕ್ಕೆ ವಾರ್ತೆ ಬಂ​ದಾಗ ಅವರು ನಮ್ಮನ್ನು ನೋಡಲಿಲ್ಲ, ಪರದೆಯನ್ನು ನೋಡುತ್ತಿದ್ದರು. ವಾರ್ತೆ ಮುಗಿದ ಮೇಲೆ ಕುಕೀಸ್ ಕೊಟ್ಟರು. ೨೦೦ ಮೈಲಿಯ ಎರಡು ತಟ್ಟೆಗಳನ್ನೂ ಅಂಗಡಿಗೆ ಹಿಂದಿರುಗಿಸಲು ಹೋದರೆ ಅವಧಿ ಮೀರಿದೆಯೆಂದರಂತೆ.

ಸಂಘದವರಿಗೆ ನಿಯಮದ ಪ್ರತಿಯನ್ನಿಟ್ಟು ಅಳಿಯಂದಿರು ಉತ್ತರ ಬರೆದಿದ್ದಾರೆ. ಕರಡು ನನ್ನದು, ಇಂಗ್ಲಿಷು ಅವರದು. ನಾನು ಊರಿಗೆ ವಿಮಾನ ಹತ್ತುವವರೆಗೆ ಮರುತ್ತರ ಬಂದಿರಲಿಲ್ಲ. ಕಂಬ ಹಾಗೆಯೇ ನಿಂತಿತ್ತು.